ಹೊಂಬಾಳಮ್ಮನ ಮನೆ ತಿರುಗುವುದಿಲ್ಲವೆಂಬ ದೂರು

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಹೆಸರು ಕೇಳುವ ಮೊದಲು ಮನೆ ದಿನಕ್ಕೆ ಎಷ್ಟು ಸಲ ತಿರುಗುತ್ತದೆ ಎಂದು ಕೇಳುತ್ತಾರೆ. ಒಂದು ಸಲ ಎಂದರೆ ಮರ್ಯಾದಸ್ಥರು. ಎರಡು ಎಂದರೆ ಸ್ವಲ್ಪ ಚುರುಕಿನ ಜನ. ಮೂರು ದಾಟಿತೆಂದರೆ ಉಪ್ಪಿಟ್ಟು ತಿಂದು, ಕೈ ತೊಳೆದು, ಹೇಳಿ ಕಳಿಸ್ತೀವಿ ಎಂದು ಎದ್ದು ಹೋಗುತ್ತಾರೆ. ನಮ್ಮ ಮನೆ ನಾಲ್ಕು ಸಲ ತಿರುಗುತ್ತದೆ. ನನಗೆ ಇಪ್ಪತ್ತಾರು ವರ್ಷ, ಇನ್ನೂ ಮದುವೆಯಾಗಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇವೆ ಎಂದು ಅಮ್ಮ ಹೇಳುತ್ತಾಳೆ.

ಪ್ರತಿ ಮನೆಯೂ ನಿಂತಲ್ಲೇ ತನ್ನ ಸುತ್ತ ತಾನು ಬಲಕ್ಕೆ ತಿರುಗುತ್ತದೆ. ಇದನ್ನು ನಾವು ತಿರುಗು ಎನ್ನುತ್ತೇವೆ. ಹಾಗೆ ತಿರುಗುತ್ತಲೇ ಎಲ್ಲ ಮನೆಗಳೂ ಊರ ನಡುವಿನ ಉಗ್ರಪ್ಪನ ಟೀ ಅಂಗಡಿಯನ್ನು ಬಳಸಿಕೊಂಡು ಹೊರಡುತ್ತವೆ. ಯುಗಾದಿಯಿಂದ ಯುಗಾದಿಗೆ ಒಂದು ಪ್ರದಕ್ಷಿಣೆ. ಎರಡೂ ಎಷ್ಟು ಮೆತ್ತಗೆ ನಡೆಯುತ್ತವೆಂದರೆ ಒಲೆಯ ಮೇಲಿನ ಹಾಲು ಅಲುಗುವುದಿಲ್ಲ. ಆದರೆ ಹಾಲಿನವನು ಬಾಗಿಲು ತಟ್ಟುವುದಿಲ್ಲ; ಕ್ಯಾನು ಹಿಡಿದು ಒಂದು ಕಡೆ ನಿಂತಿರುತ್ತಾನೆ, ಬಾಗಿಲೇ ಅವನ ಬಳಿ ಬರುತ್ತದೆ. ಅಮ್ಮನ ರಂಗೋಲಿ ಮುಗಿಯುವ ಹೊತ್ತಿಗೆ ಬಾಗಿಲು ನಾಲ್ಕು ಹೆಜ್ಜೆ ಮುಂದೆ ಹೋಗಿರುವುದರಿಂದ ಅದಕ್ಕೆ ಯಾವಾಗಲೂ ಒಂದು ಬಾಲವಿರುತ್ತದೆ. ದೇವರನ್ನು ತಿರುಗುವ ಮಣೆಯ ಮೇಲೆ ಕೂರಿಸಿರುತ್ತೇವೆ. ದೀಪ ಹಚ್ಚುವವರು ಮೊದಲು ಪೂರ್ವ ಎಲ್ಲಿದೆ ಎಂದು ಕಿಟಕಿಯಲ್ಲಿ ಇಣುಕಿ ನೋಡಿ ಮಣೆ ತಿರುಗಿಸಬೇಕು. ಹಿಂದೊಮ್ಮೆ ಒಬ್ಬ ವಾಸ್ತು ಪಂಡಿತರು ಬಂದು ಮೂರು ದಿನ ಇದ್ದರು. ನಾಲ್ಕನೆಯ ದಿನ ಅವರು ಬಸ್ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದರೆಂದು ಕೇಳಿದ್ದೇವೆ.

ನಾನು ತಿರುಗು ಕಚೇರಿಯಲ್ಲಿ ಕಿರಿಯ ಪರಿವೀಕ್ಷಕಿ. ಕೆಲಸ ಸುಲಭ. ಉಗ್ರಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ಪಾಲಿಗೆ ಬಂದ ಬೀದಿಯ ಮನೆಗಳನ್ನು ನೋಡುತ್ತಿರಬೇಕು. ಒಂದು ಮನೆಯ ಬಾಗಿಲು ಮರೆಯಾಗಿ ಮತ್ತೆ ಕಂಡರೆ ಪುಸ್ತಕದಲ್ಲಿ ಒಂದು ಗೀಟು. ಬೆಂಚಿನ ಮೇಲೆ ಕೂತವರು ಟೀ ಕುಡಿಯಲೇಬೇಕೆಂಬುದು ಕಚೇರಿಯ ನಿಯಮವಲ್ಲ, ಉಗ್ರಪ್ಪನ ನಿಯಮ. ಕಚೇರಿಗೆ ಇರುವುದು ಒಂದೇ ದೊಡ್ಡ ನಿಯಮ: ವರ್ಷಪೂರ್ತಿ ಒಮ್ಮೆಯೂ ತಿರುಗದ ಕಟ್ಟಡ ಊರಿನದಲ್ಲ. ಅಂಥದ್ದನ್ನು ಯುಗಾದಿಯ ಹಿಂದಿನ ದಿನ ಮರದ ದಿಮ್ಮಿಗಳ ಮೇಲೆ ಉರುಳಿಸಿ, ಊರವರೆಲ್ಲ ಹಗ್ಗ ಹಿಡಿದು ಎಳೆದು, ಇಟ್ಟಿಗೆ ಗೂಡಿನ ಆಚೆಯ ಬಯಲಿನಲ್ಲಿ ಬಿಟ್ಟು ಬರಬೇಕು. ಅಲ್ಲಿ ಈಗಾಗಲೇ ಎರಡು ಮನೆಗಳಿವೆ. ಆ ಮನೆಯವರನ್ನು ಯಾರೂ ನಾಮಕರಣಕ್ಕೆ ಕರೆಯುವುದಿಲ್ಲ. ಅವರ ಕಿಟಕಿಯಲ್ಲಿ ವರ್ಷವಿಡೀ ಒಂದೇ ಹುಣಸೆಮರ ಕಾಣುತ್ತದಂತೆ. ಇದನ್ನು ಹೇಳುವಾಗ ನಮ್ಮ ಊರಿನ ಹೆಂಗಸರು ದನಿ ತಗ್ಗಿಸುತ್ತಾರೆ.

ಈ ಕೆಲಸ ನನಗೆ ಬಂದದ್ದು ಅನುಕಂಪದ ಆಧಾರದ ಮೇಲೆ, ಅಪ್ಪ ಹೋದ ಮೇಲೆ. ಅಪ್ಪನ ಹೆಸರು ಪಾಲಾಕ್ಷಯ್ಯ. ಊರು ಕರೆಯುತ್ತಿದ್ದುದು ಒಂದ್ಜಾಸ್ತಿ ಪಾಲಾಕ್ಷಯ್ಯ ಎಂದು. ಅವರಿಗೆ ಎದೆಯುರಿ ಇತ್ತು. ಉಗ್ರಪ್ಪನ ಬೆಂಚಿನ ಮೇಲೆ ದಿನಕ್ಕೆ ಎಂಟು ಟೀ ಕುಡಿಯುವುದು ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಅವರು ಊರ ಹೊರಗಿನ ಇಟ್ಟಿಗೆ ಗೂಡಿನ ಮೇಲೆ ಕೊಡೆ ಹಿಡಿದು ಕೂತು, ಬಾಗಿಲುಗಳು ಗೂಡಿನ ಕಡೆ ಬರುವುದನ್ನು ಎಣಿಸುತ್ತಿದ್ದರು. ಮೂವತ್ತು ವರ್ಷ ಹಾಗೆ ಎಣಿಸಿದರು, ಮೂವತ್ತು ವರ್ಷವೂ ತಪ್ಪು ಬಂತು. ಬೆಂಚಿನಿಂದ ಎಣಿಸಿದವರಿಗೆ ಮುನ್ನೂರ ಅರವತ್ತೈದು ಬಂದ ಮನೆಗೆ ಅಪ್ಪನಿಗೆ ಮುನ್ನೂರ ಅರವತ್ತಾರು. ನಮ್ಮ ಮನೆಗೆ ಬೆಂಚಿನವರಿಗೆ ಸಾವಿರದ ನಾನೂರ ಅರವತ್ತು, ಅಪ್ಪನಿಗೆ ಸಾವಿರದ ನಾನೂರ ಅರವತ್ತೊಂದು. ಯಾವ ಮನೆಯಾದರೂ ಸರಿ, ಎಷ್ಟು ಜೋರಾಗಿ ತಿರುಗಿದರೂ ಸರಿ, ಒಂದು ಜಾಸ್ತಿ. ಗೂಡಿನ ಹೊಗೆ ತಲೆಗೇರಿದೆ ಎಂದರು ಕೆಲವರು. ಗುಮಾಸ್ತರು ಮಾತ್ರ ತಲೆ ಕೆಡಿಸಿಕೊಳ್ಳದೆ ಅಪ್ಪನ ಪ್ರತಿಯೊಂದು ಅಂಕಿಯಿಂದ ಒಂದು ಕಳೆದು ದೊಡ್ಡ ಪುಸ್ತಕಕ್ಕೆ ಇಳಿಸುತ್ತಿದ್ದರು. ಅಪ್ಪನಿಗೆ ಬಡ್ತಿ ಸಿಗಲಿಲ್ಲ. ಸಾಯುವ ವಾರದಲ್ಲಿ ಕೂಡ ಡಾಕ್ಟರು ನಾಡಿ ಎಣಿಸಿ ಎಪ್ಪತ್ತೆರಡು ಎಂದಾಗ ಅಪ್ಪ ಕಣ್ಣು ಬಿಟ್ಟು, “ಎಪ್ಪತ್ಮೂರು” ಎಂದರು.

ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ನಾನು ನಿರ್ಧರಿಸಿದ್ದೆ: ಬೆಂಚಿನ ಮೇಲೇ ಕೂರುವುದು, ಎಂಟು ಟೀ ಕುಡಿಯುವುದು, ಕಂಡದ್ದನ್ನು ಕಂಡಷ್ಟೇ ಬರೆಯುವುದು. ವರ್ಷದ ಕೊನೆಗೆ ನನ್ನ ಪುಸ್ತಕ ಕನ್ನಡಿಯ ಹಾಗಿತ್ತು. ಒಂದೇ ಒಂದು ಕಡೆ ಹಾಳೆಗಳನ್ನು ಎರಡೆರಡು ಸಲ ತಿರುವಿ ನೋಡಿದೆ. ಹೊಂಬಾಳಮ್ಮನ ಮನೆಯ ಮುಂದೆ ನಾನು ಸೊನ್ನೆ ಬರೆಯಬೇಕಾಯಿತು.

ಹೊಂಬಾಳಮ್ಮನಿಗೆ ಅರವತ್ತು ದಾಟಿದೆ. ಒಬ್ಬರೇ ಇರುತ್ತಾರೆ, ಕೋಡುಬಳೆ ಮಾಡಿ ಮಾರುತ್ತಾರೆ. ಅವರ ಮನೆಯೂ ಹಿಂದೆ ದಿನಕ್ಕೆರಡು ಸಲ ತಿರುಗುತ್ತಿತ್ತಂತೆ. ಹದಿನೆಂಟು ವರ್ಷದ ಹಿಂದೆ ಅವರು ಒಂದು ಡಬ್ಬ ಕೋಡುಬಳೆ ತಂದು, ಅಂಗಡಿಯಲ್ಲಿಟ್ಟು ಮಾರಪ್ಪಾ ಎಂದು ಉಗ್ರಪ್ಪನಿಗೆ ಕೊಟ್ಟರು. ಉಗ್ರಪ್ಪ ಒಂದನ್ನು ಮುರಿದು ಬಾಯಿಗೆ ಹಾಕಿ, ಬೆಂಚಿನ ತುಂಬ ಜನ ಕೂತಿರುವಾಗ, “ಉಪ್ಪು ಕಮ್ಮಿ” ಎಂದ. ಹೊಂಬಾಳಮ್ಮ ಡಬ್ಬ ಎತ್ತಿಕೊಂಡು ಮನೆಗೆ ಹೋದರು. ಆ ವಾರದಿಂದ ಮನೆಯ ವೇಗ ಇಳಿಯುತ್ತ ಬಂತು. ದಿನಕ್ಕೊಂದು, ವಾರಕ್ಕೊಂದು, ತಿಂಗಳಿಗೊಂದು. ಕೊನೆಗೆ ಬಾಗಿಲು ಅಂಗಡಿಯ ಕಡೆ ಬಂದು ಹಾಗೇ ಉಳಿಯಿತು. ಆಮೇಲೆ ಅದು ಆಚೀಚೆ ಹೋದದ್ದನ್ನು ಯಾರೂ ಕಂಡಿಲ್ಲ. ಹೊಂಬಾಳಮ್ಮ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು, ಅವರೆಕಾಯಿ ಸುಲಿಯುತ್ತಲೋ ಹಿಟ್ಟು ನಾದುತ್ತಲೋ, ಉಗ್ರಪ್ಪನನ್ನು ನೋಡುತ್ತ ಕೂತಿರುತ್ತಾರೆ.

ನನ್ನ ಸೊನ್ನೆ ಕಚೇರಿ ತಲುಪಿದ ದಿನವೇ ಉಗ್ರಪ್ಪ ಹೊಸ್ತಿಲ ಸಾಕ್ಷಿ ಕೊಟ್ಟ. ನಮ್ಮಲ್ಲಿ ಯಾರಾದರೂ ತನ್ನ ಸ್ವಂತ ಹೊಸ್ತಿಲಿನಿಂದ ಕಂಡದ್ದನ್ನು ಹೊಸ್ತಿಲು ಮುಟ್ಟಿ ಹೇಳಿದರೆ ಅದನ್ನು ಬರೆದುಕೊಳ್ಳಲೇಬೇಕು. ಅವನು ತನ್ನ ಅಂಗಡಿಯ ಹೊಸ್ತಿಲಿಗೆ ಎರಡೂ ಕೈ ಊರಿದ. “ಬರ್ಕಳ್ಳಿ ಮೇಡಮ್ಮೋರೆ. ಹದಿನೆಂಟು ವರ್ಷದಿಂದ ಆ ಮನೆ ತಿರುಗಿಲ್ಲ. ಯುಗಾದೀಲಿ ಮುಂದೆ ಗಲ್ಲಾಪೆಟ್ಟಿಗೆ ಹತ್ರ ಕೂತ್ರೆ ಎದುರಿಗೆ ಆಯಮ್ಮನ ಬಾಗ್ಲು. ದಸರಾದಲ್ಲಿ ಹಿಂದೆ ಲೋಟ ತೊಳೆಯಕ್ಕೆ ಹೋದ್ರೆ ಅಲ್ಲೂ ಆಯಮ್ಮನ ಬಾಗ್ಲು! ನಾನು ಯಾವ ಕಡೆ ಹೋದ್ರೂ ಆಯಮ್ಮ ನನ್ನನ್ನೇ ನೋಡ್ತಾ ಕೂತಿರ್ತಾಳೆ. ಟೀಗೆ ಎಷ್ಟು ಚಮಚ ಸಕ್ಕರೆ ಹಾಕ್ತೀನಿ ಅನ್ನೋದನ್ನ ಅಲ್ಲಿಂದ್ಲೇ ಲೆಕ್ಕ ಹಾಕ್ತಾಳೆ. ಹಾಲು ಉಕ್ಕಿದ್ರೆ ನಗ್ತಾಳೆ. ನಾನೂ ಮನುಷ್ಯ ಅಲ್ವಾ?”

“ಉಗ್ರಪ್ಪಣ್ಣ, ಮನೆ ಎಳೆದು ಹಾಕಿದ್ರೆ ಪಾಪ ಆ ಬಯಲಲ್ಲಿ ಅವರೊಬ್ಬರೇ ಏನು ಮಾಡ್ತಾರೆ?” ಎಂದೆ.

ಅವನು ಹೊಸ್ತಿಲಿನಿಂದ ಕೈ ತೆಗೆದ. “ಹುಣಸೆಮರಾನ ನೋಡ್ಲಿ. ಅದು ಹಾಲು ಉಕ್ಕಿಸಲ್ಲ.”

ನೋಟಿಸು ಕೊಡಲು ನಾನೇ ಹೋಗಬೇಕಾಯಿತು, ಯುಗಾದಿಗೆ ಆರು ದಿನ ಉಳಿದಿತ್ತು. ಹೊಂಬಾಳಮ್ಮನ ಮನೆಯಷ್ಟು ಸುಲಭವಾಗಿ ಹೊಗಬಹುದಾದ ಮನೆ ಊರಿನಲ್ಲಿ ಇನ್ನೊಂದಿಲ್ಲ, ಬಾಗಿಲಿಗಾಗಿ ಓಡಬೇಕಾಗಿಲ್ಲ. ಅವರು ನೋಟಿಸನ್ನು ದೂರ ಹಿಡಿದು ಓದಿದರು, ಮಡಿಸಿದರು, ಅದರ ಮೇಲೆ ಎರಡು ಕೋಡುಬಳೆ ಇಟ್ಟು ನನಗೇ ವಾಪಸು ಕೊಟ್ಟರು. “ತಿನ್ನು ಮಗಾ. ಸುಸ್ತಾಗಿದೀಯ.”

“ನೀವು ಹೀಗೆ ಸುಮ್ಮನೆ ಕೂತರೆ ಆಗಲ್ಲ ಹೊಂಬಾಳಮ್ಮ. ಬಾಗಿಲು ಒಂದೇ ಒಂದು ಸಲ ಆ ಕಡೆ ಹೋಗಿ ಬಂದ್ರೆ ಸಾಕು, ನಾನು ಸೊನ್ನೆ ಹೊಡೆದು ಹಾಕ್ತೀನಿ.”

“ನಮ್ಮನೆ ತಿರುಗುತ್ತೆ,” ಎಂದರು ಅವರು, ಹಿಟ್ಟು ನಾದುತ್ತ.

“ಎಲ್ಲಿ ತಿರುಗುತ್ತೆ? ನಾನು ವರ್ಷವೆಲ್ಲ ಎದುರಿಗೇ ಕೂತಿದ್ದೆ.”

“ನೀನು ಕೂತಿದ್ದು ಆ ಟೀಯವನ ಬೆಂಚಲ್ಲಿ. ಅಲ್ಲಿ ಕೂತೋರಿಗೆ ಏನು ಕಾಣುತ್ತೆ? ಅವನು ಲೋಟ ಒರೆಸೋದೇ ಕಾಣಲ್ಲ. ಬಾ ಇಲ್ಲಿ.” ಅವರು ಎದ್ದು ನನ್ನ ಕೈ ಹಿಡಿದು ಮನೆಯ ಸುತ್ತ ಕರೆದುಕೊಂಡು ಹೋದರು. “ಸಂಡಿಗೆ ಒಣ ಹಾಕೋ ಕಿಟಕಿ ಯಾವುದು ಹೇಳು. ನಿಮ್ಮನೆಯೋರಿಗೆ ಗಂಟೆಗೊಂದು. ನನಗೆ ಮೂರು ತಿಂಗಳಿಗೊಂದು. ಯುಗಾದಿಲಿ ಬೆಳಗಿನ ಬಿಸಿಲು ಬಚ್ಚಲ ಕಿಟಕಿಗೆ. ಆಷಾಢದಲ್ಲಿ ಅಡುಗೆಮನೆಗೆ. ದಸರಾಕ್ಕೆ ಬಾಗಿಲಿಗೇ ಬರುತ್ತೆ. ಸಂಕ್ರಾಂತಿಗೆ ದೇವರ ಕಿಟಕಿ. ಮನೆ ತಿರುಗದೆ ಬಿಸಿಲೇನು ನಾಲ್ಕು ದಿಕ್ಕಿಂದ ಹುಟ್ಟುತ್ತಾ?”

ಗೋಡೆಗಳನ್ನು ನೋಡಿದೆ. ನಾಲ್ಕೂ ಗೋಡೆಯ ಹಸಿರು ಬಣ್ಣ ಒಂದೇ ಸಮನೆ ಮಾಸಿತ್ತು. ಬಯಲಿನಲ್ಲಿ ನಿಂತ ಆ ಎರಡು ಮನೆಗಳು ಹಾಗಿಲ್ಲ. ಅವುಗಳ ಒಂದು ಗೋಡೆ ಬಿಳಿಚಿಕೊಂಡಿದೆ, ಇನ್ನೊಂದು ಗೋಡೆಗೆ ಪಾಚಿ ಹಿಡಿದಿದೆ. ನನ್ನ ಬಾಯಲ್ಲಿದ್ದ ಕೋಡುಬಳೆ ಕರುಮ್ಮೆಂದಿತು. ಉಪ್ಪು ನಿಜಕ್ಕೂ ಕಮ್ಮಿ ಇತ್ತು, ಆದರೆ ಅದು ಹೇಳುವ ಸಮಯವಲ್ಲ.

ಅಲ್ಲಿಂದ ನೇರ ಮನೆಗೆ ಹೋಗಿ, ಅಟ್ಟದಿಂದ ಅಪ್ಪನ ಪುಸ್ತಕಗಳನ್ನು ಇಳಿಸಿಕೊಂಡು, ಅವರ ಕೊಡೆ ಹಿಡಿದು ಇಟ್ಟಿಗೆ ಗೂಡು ಹತ್ತಿದೆ. ಹೊಂಬಾಳಮ್ಮನ ಮನೆಗೆ ಅಪ್ಪ ಹದಿನೇಳು ವರ್ಷ ಪ್ರತಿ ವರ್ಷವೂ ಒಂದೇ ಅಂಕಿ ಬರೆದಿದ್ದರು: ಒಂದು. ಪಕ್ಕದಲ್ಲಿ, ಬಾಗಿಲು ಗೂಡಿನ ಕಡೆ ಕಂಡ ತಿಂಗಳು. ಪ್ರತಿ ವರ್ಷ ಅದೇ ತಿಂಗಳು, ಮನೆ ಉಗ್ರಪ್ಪನ ಅಂಗಡಿಯ ಆಚೆ ಬದಿಗೆ ಹೋದಾಗ. ಗುಮಾಸ್ತರು ಎಲ್ಲ ಅಂಕಿಗಳಿಂದಲೂ ಒಂದು ಕಳೆದವರು ಈ ಒಂದರ ತಂಟೆಗೆ ಮಾತ್ರ ಹೋಗಿರಲಿಲ್ಲ. ಕಳೆದರೆ ಸೊನ್ನೆ, ಸೊನ್ನೆಯಾದರೆ ಅವರೂ ಹಗ್ಗ ಹಿಡಿಯಬೇಕು, ಅವರಿಗೆ ಸೊಂಟನೋವಿತ್ತು. ಹೊಂಬಾಳಮ್ಮ ಇಷ್ಟು ವರ್ಷ ಊರಿನಲ್ಲಿ ಉಳಿದದ್ದು ಒಬ್ಬರ ಎದೆಯುರಿ, ಇನ್ನೊಬ್ಬರ ಸೊಂಟನೋವಿನ ಪುಣ್ಯದಿಂದ. ಕೆಡಿಸಿದ್ದು ಗಟ್ಟಿಮುಟ್ಟಾದ ನಾನು.

ಗೂಡಿನ ಮೇಲಿಂದ ಊರು ತಟ್ಟೆಯ ಹಾಗೆ ಕಾಣುತ್ತದೆ. ನಾನು ಬಹಳ ಹೊತ್ತು ಕೂತೆ. ಒಂದು ಇಟ್ಟಿಗೆಯನ್ನು ನಡುವೆ ಇಟ್ಟು, ನನ್ನ ಚಪ್ಪಲಿಯೊಂದನ್ನು ಅದರ ಸುತ್ತ ಸರಿಸಿ ನೋಡಿದೆ, ಚಪ್ಪಲಿಯ ಮೂತಿ ಸದಾ ಇಟ್ಟಿಗೆಯ ಕಡೆಗೇ ಇರುವಂತೆ. ಇಟ್ಟಿಗೆಯ ಪಾಲಿಗೆ ಚಪ್ಪಲಿ ತಿರುಗಲೇ ಇಲ್ಲ. ಆದರೆ ನನ್ನ ಬೆರಳುಗಳು ಒಂದು ಪೂರ್ತಿ ತಿರುಗು ತಿರುಗಿ ಮಣಿಕಟ್ಟು ಸೊಟ್ಟಗಾಗಿತ್ತು. ಪ್ರದಕ್ಷಿಣೆ ಹೋಗುತ್ತ ಒಬ್ಬರ ಮುಖವನ್ನೇ ನೋಡಬೇಕಾದರೆ ನಾವು ತಿರುಗುತ್ತಲೇ ಇರಬೇಕು. ನಡುವೆ ಕೂತವರಿಗೆ ಅದು ಕಾಣುವುದಿಲ್ಲ. ಪ್ರತಿಯೊಂದು ಮನೆಗೂ ವರ್ಷಕ್ಕೆ ಹೀಗೆ ಒಂದು ತಿರುಗು ಕಾಣದೆ ಹೋಗುತ್ತಿತ್ತು, ಇಡೀ ಕಚೇರಿ ಅದನ್ನು ಟೀ ಜೊತೆ ನುಂಗುತ್ತಿತ್ತು. ಅಪ್ಪ ಮೂವತ್ತು ವರ್ಷ ಸರಿಯಾಗಿ ಎಣಿಸಿದ್ದರು. ಕೆಳಗೆ ಇಟ್ಟಿಗೆ ಹೊರುತ್ತಿದ್ದವರು ನಾನು ಚಪ್ಪಲಿ ಹಿಡಿದು ಅಳುವುದನ್ನು ನೋಡಿ, “ಏನಮ್ಮಾ, ಕಿತ್ತೋಯ್ತಾ?” ಎಂದು ಕೇಳಿದರು.

ಅಪ್ಪನ ಕೊನೆಯ ಪುಸ್ತಕ ಮುಚ್ಚುವ ಮುಂಚೆ ಅದರ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ಅದನ್ನು ನೋಡಿ ಅಳು ನಿಂತಿತು. ಆ ಹಾಳೆಯನ್ನು ಇನ್ನೊಮ್ಮೆ ತೆರೆಯುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡು ಕೆಳಗಿಳಿದೆ.

ನಮ್ಮ ಮುಖ್ಯಾಧಿಕಾರಿ ವೃಷಭೇಂದ್ರಯ್ಯನವರು ಈ ವರ್ಷವಷ್ಟೇ ಕುರ್ಚಿಗೆ ಬಂದವರು, ಮುಂದಿನ ವರ್ಷ ನಿವೃತ್ತಿ. ಆ ನಡುವೆ ನಿಯಮವೊಂದನ್ನು ಪೂರ್ತಿಯಾಗಿ ಜಾರಿಗೆ ತಂದು ಹೋಗಬೇಕೆಂಬ ಆಸೆ. ನಾನು ಗೋಡೆಯ ಬಣ್ಣ, ಸಂಡಿಗೆ, ಚಪ್ಪಲಿ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ನಳಿನಾಕ್ಷಿ, ನಿಮ್ಮ ತಂದೆಗೂ ಹೀಗೇ ಶುರುವಾಗಿದ್ದು,” ಎಂದರು.

“ಸಾರ್, ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಒಂದು ಹತ್ತು ನಿಮಿಷ ಅಂಗಡಿ ಹತ್ರ ಬನ್ನಿ.”

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ದಿಮ್ಮಿಗಳೂ ಹಗ್ಗವೂ ಬಂದಿದ್ದವು, ಎಳೆಯುವವರು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಹೊಂಬಾಳಮ್ಮ ತಮ್ಮ ಮಣೆಯ ಮೇಲೆ ಕೂತು ನೋಡುತ್ತಿದ್ದರು. ಪಕ್ಕದಲ್ಲಿ ಪಾತ್ರೆಗಳ ಗಂಟು ಕಟ್ಟಿಟ್ಟಿದ್ದರು. ಆ ಗಂಟು ನೋಡಿದ ಮೇಲೆ ನನಗೆ ಧೈರ್ಯ ಬಂತು. ಉಗ್ರಪ್ಪನನ್ನು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. “ಸಾರ್, ಉಗ್ರಪ್ಪಣ್ಣನ ಮುಖಾನೇ ನೋಡ್ತಾ ಅವನ ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಅವನಿಗೆ ನಿಮ್ಮ ಬೆನ್ನು ಕಾಣಬಾರದು.”

“ದೇವಸ್ಥಾನ ಅಂದ್ಕೊಂಡ್ಯಾ ಇವನನ್ನ?” ಎಂದರೂ ವೃಷಭೇಂದ್ರಯ್ಯನವರು ಹೊರಟರು. ಅವರದು ದೊಡ್ಡ ಹೊಟ್ಟೆ. ಅಡ್ಡಡ್ಡ ಹೆಜ್ಜೆ ಹಾಕುತ್ತ ಏಡಿಯ ಹಾಗೆ ಸರಿದರು. ಉಗ್ರಪ್ಪ ಮುಜುಗರದಿಂದ ಆಕಾಶ ನೋಡುತ್ತಿದ್ದ.

“ಹೊರಟಾಗ ಎದುರಿಗೆ ಏನಿತ್ತು ಸಾರ್?”

“ಇವನ ತಲೆ. ಅದರ ಹಿಂದೆ ಗುಡ್ಡ.”

“ಈಗ?”

“ತಲೆ. ಹಿಂದೆ ನೀರಿನ ಟ್ಯಾಂಕು.” ಇನ್ನೂ ಸರಿದರು. “ಈಗ ಇಟ್ಟಿಗೆ ಗೂಡು... ಈಗ ಹುಣಸೆ ತೋಪು... ಮತ್ತೆ ಗುಡ್ಡ ಬಂತು.” ಏದುಸಿರು ಬಿಟ್ಟು ನಿಂತರು.

“ಸಾರ್, ನೀವು ತಿರುಗಿದ್ರಾ?”

“ಎಲ್ಲಿ ತಿರುಗಿದೆ? ನೀನೇ ಹೇಳ್ದೆಯಲ್ಲ ಬೆನ್ನು ತೋರಿಸಬಾರದು ಅಂತ. ಬರೀ ಪ್ರದಕ್ಷಿಣೆ ಹಾಕಿದೆ.”

“ತಿರುಗದೇ ನಿಮ್ಮ ಮುಖ ನಾಲ್ಕೂ ದಿಕ್ಕಿಗೆ ಹೇಗೆ ಹೋಯ್ತು ಸಾರ್? ಸರಿ, ಈಗ ನಿಜವಾಗ್ಲೂ ತಿರುಗದೇ ಹೋಗಿ. ಪ್ರದಕ್ಷಿಣೆ ಇರಲಿ, ಮುಖ ಮಾತ್ರ ಗುಡ್ಡದ ಕಡೆಗೇ ಇರಲಿ.”

ಅವರು ಗುಡ್ಡವನ್ನು ದಿಟ್ಟಿಸುತ್ತ ಹೊರಟರು. ಮೊದಲು ಬದಿಗೆ, ಆಮೇಲೆ ಮುಂದಕ್ಕೆ, ಆಮೇಲೆ ಇನ್ನೊಂದು ಬದಿಗೆ, ಕೊನೆಗೆ ಹಿಮ್ಮುಖವಾಗಿ ನಡೆದು ಸೌದೆಯ ಒಟ್ಟಿಲಿಗೆ ಡಿಕ್ಕಿ ಹೊಡೆದರು. ಅರ್ಧ ದಾರಿಯಲ್ಲಿ ಉಗ್ರಪ್ಪ ಅನ್ಯಮನಸ್ಕನಾಗಿ ಕೂಗಿದ್ದ: “ಸಾರ್, ಬೆನ್ನು ಕಾಣ್ತಾ ಐತೆ!” ಕೂಗಿದ ಮೇಲೆ ಅವನ ಬಾಯಿ ತೆರೆದಂತೆಯೇ ಉಳಿಯಿತು. ಅವನು ನಿಧಾನವಾಗಿ ಹೊಂಬಾಳಮ್ಮನ ಮನೆಯ ಕಡೆ ನೋಡಿದ. ಹದಿನೆಂಟು ವರ್ಷದಲ್ಲಿ ಆ ಮನೆಯ ಬೆನ್ನನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

“ತಿರುಗದ ಮನೆಯಾಗಿದ್ರೆ ನಿಂಗೆ ಆರು ತಿಂಗಳು ಹಿತ್ತಿಲಾದ್ರೂ ಕಾಣಬೇಕಿತ್ತು ಉಗ್ರಪ್ಪಣ್ಣ,” ಎಂದೆ. “ನಿನ್ನನ್ನ ನೋಡೋಕೇ ಅದು ತಿರುಗ್ತಾ ಇದೆ.”

ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟು ತಾವೂ ಕಂಬ ಕಂಬದ ಸುತ್ತ ಅಡ್ಡಡ್ಡ ನಡೆದು ನೋಡತೊಡಗಿದರು. ವೃಷಭೇಂದ್ರಯ್ಯನವರು ಬೆನ್ನಿಗಂಟಿದ ಸೌದೆ ಚಕ್ಕೆ ತೆಗೆಸಿಕೊಂಡರು. “ಕಾಣದ್ದಕ್ಕೆ ಸಾಕ್ಷಿ ನಡೆಯಲ್ಲ, ಕಂಡದ್ದಕ್ಕೆ ನಡೆಯುತ್ತೆ,” ಎಂದು ಕೊನೆಗೆ ಹೇಳಿದರು. “ಸೊನ್ನೆ ಹೊಡೆದು ಹಾಕು. ಒಂದು ಅಂತ ಬರಿ. ಎಲ್ಲಿ, ನಿಮ್ಮ ತಂದೆ ಪುಸ್ತಕ ಕೊಡು. ನಾವೆಲ್ಲ ಸೇರಿ ಆ ಮನುಷ್ಯನಿಗೆ ಅನ್ಯಾಯ ಮಾಡಿದ್ವಿ.”

ನಾನು ಹಿಗ್ಗಿನಲ್ಲಿ ಮೈಮರೆತು, ಬೇಕಾದೀತೆಂದು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ ಅಪ್ಪನ ಕೊನೆಯ ಪುಸ್ತಕ ಕೊಟ್ಟುಬಿಟ್ಟೆ. ಅವರು ಮೊದಲಿನಿಂದ ಓದುವ ಜಾತಿಯವರಲ್ಲ. ಕೊನೆಯ ಹಾಳೆ ತೆರೆದರು. ಅವರ ಹುಬ್ಬು ಮೇಲಕ್ಕೆ ಹೋಯಿತು. ಅಲ್ಲಿ ಅಪ್ಪನ ಗುಂಡು ಅಕ್ಷರದಲ್ಲಿ ‘ಉಗ್ರಪ್ಪನ ಅಂಗಡಿ’ ಎಂದಿತ್ತು. ಕೆಳಗೆ ಮೂವತ್ತು ವರ್ಷ, ಮೂವತ್ತು ಸೊನ್ನೆ. ಅದರ ಕೆಳಗೆ ಪೆನ್ಸಿಲಿನಲ್ಲಿ: ಯಾರಿಗೂ ಹೇಳಬಾರದು.

“ಈ ಅಂಗಡಿ ತಿರುಗೋದೇ ಇಲ್ವಾ?” ಎಂದರು ವೃಷಭೇಂದ್ರಯ್ಯನವರು, ಸಣ್ಣ ದನಿಯಲ್ಲಿ. ಎಲ್ಲರೂ ಅಂಗಡಿಯ ಗೋಡೆಗಳನ್ನು ಮೊದಲ ಸಲ ನೋಡಿದರು. ಬಿಸಿಲಿಗೆ ಬಿದ್ದ ಗೋಡೆ ಸುಣ್ಣದಂತೆ ಬಿಳಿಚಿತ್ತು. ಬಡಗಣ ಗೋಡೆಯಲ್ಲಿ ಹಸಿರು ಪಾಚಿ.

ಹಗ್ಗದವನೊಬ್ಬ ಕೇಳಿದ: “ಇದನ್ನ ಎಳ್ದು ಹಾಕಿದ್ರೆ ನಾವೆಲ್ಲ ಯಾವುದನ್ನ ಪ್ರದಕ್ಷಿಣೆ ಹಾಕೋದು ಸಾರ್?”

“ಅದು ನಿಯಮದಲ್ಲಿಲ್ಲ,” ಎಂದರು ಅವರು. ಮುಖದಲ್ಲಿ ಬೆವರಿತ್ತು. “ನಿಯಮ ಹೇಳೋದು ಕಟ್ಟಡ ಅಂತ. ಅಂಗಡೀನೂ ಕಟ್ಟಡವೇ. ಈಗ ನಾನು ನೋಡಿಬಿಟ್ಟೆನಲ್ಲಾ ನಳಿನಾಕ್ಷಿ, ನೋಡದೇ ಇದ್ದ ಹಾಗೆ ಹೇಗೆ ಮಾಡ್ಲಿ?”

ಉಗ್ರಪ್ಪ ಸ್ಟೂಲಿನಿಂದ ಎದ್ದು ಒಳಗೆ ಹೋಗಿ ಒಲೆ ಸಣ್ಣ ಮಾಡಿದ. ಆಮೇಲೆ ಗಾಜಿನ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದ. ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಷ್ಟರಲ್ಲಿ ಹಾಲು ಉಕ್ಕಿತು. ಯಾರೂ ನಗಲಿಲ್ಲ. ನಾನು ಹೊಂಬಾಳಮ್ಮನ ಕಡೆ ನೋಡಿದೆ, ಅವರೂ ನಗುತ್ತಿರಲಿಲ್ಲ.

“ಏ ಮಗಾ,” ಎಂದು ಅವರು ಅಲ್ಲಿಂದಲೇ ಕೂಗಿದರು. “ಪುಸ್ತಕ ತಗೊಂಡು ಬಾ ಇಲ್ಲಿ. ಹೊಸ್ತಿಲ ಸಾಕ್ಷಿ ಹೇಳ್ಬೇಕು.”

ನಾನು ಓಡಿದೆ, ನನ್ನ ಹಿಂದೆ ವೃಷಭೇಂದ್ರಯ್ಯನವರು, ಅವರ ಹಿಂದೆ ಹಗ್ಗದವರು. ಹೊಂಬಾಳಮ್ಮ ಹಿಟ್ಟಿನ ಕೈಯನ್ನು ಹೊಸ್ತಿಲ ಮೇಲಿಟ್ಟರು. “ಹದಿನೆಂಟು ವರ್ಷದಿಂದ ಇಲ್ಲಿ ಕೂತು ಆ ಅಂಗಡೀನೇ ನೋಡ್ತಾ ಇದೀನಿ. ನನ್ನಷ್ಟು ನೋಡಿದೋರು ಯಾರಾದ್ರೂ ಇದ್ರೆ ಮುಂದೆ ಬರ್ಲಿ. ಯುಗಾದೀಲಿ ನಂಗೆ ಕಾಣೋದು ಅದರ ಮುಂಭಾಗ, ಗಲ್ಲಾಪೆಟ್ಟಿಗೆ. ಆಷಾಢದಲ್ಲಿ ಸೌದೆ ಒಟ್ಟಿರೋ ಬದಿ. ದಸರಾಕ್ಕೆ ಹಿಂಭಾಗ, ಅಲ್ಲಿ ಇವನು ಲೋಟಾನ ಪಂಚೇಲಿ ಒರೆಸ್ತಾನೆ, ಬರ್ಕೋ ಅದನ್ನೂ. ಸಂಕ್ರಾಂತಿಗೆ ಸಿನಿಮಾ ಪೋಸ್ಟರು ಅಂಟಿಸಿರೋ ಗೋಡೆ. ಆಮೇಲೆ ತಿರ್ಗಾ ಯುಗಾದಿ, ತಿರ್ಗಾ ಗಲ್ಲಾಪೆಟ್ಟಿಗೆ. ನಾಲ್ಕು ಬದೀನೂ ಸರದಿ ತಪ್ಪದೆ ನನ್ನ ಬಾಗಿಲಿಗೆ ಬಂದು ಹೋಗುತ್ತೆ. ತಿರುಗದ ಅಂಗಡಿ ಹಾಗೆ ಕಾಣುತ್ತಾ ಸ್ವಾಮಿ?”

ನನಗೆ ಗೊತ್ತಿತ್ತು. ಅಂಗಡಿ ನಿಂತಲ್ಲೇ ನಿಂತಿತ್ತು. ಇವರ ಮನೆ ಅದನ್ನು ಬಳಸಿ ಬರುತ್ತಿದ್ದುದರಿಂದ ನಾಲ್ಕು ಬದಿ ಕಾಣುತ್ತಿತ್ತು, ಅಷ್ಟೆ. ಹೊಂಬಾಳಮ್ಮನಿಗೂ ಗೊತ್ತಿತ್ತೆಂದು ನನ್ನ ಅನುಮಾನ. ಸಂಡಿಗೆಯ ಕಿಟಕಿ ತೋರಿಸಿದವರು ಅವರೇ ಅಲ್ಲವೇ? ಆದರೆ ನಿಯಮ ಕೇಳುವುದು ಏನು ನಡೆಯಿತೆಂದಲ್ಲ, ಹೊಸ್ತಿಲಿನಿಂದ ಏನು ಕಂಡಿತೆಂದು. ನಾನು ವೃಷಭೇಂದ್ರಯ್ಯನವರ ಮುಖ ನೋಡಿದೆ. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, “ಕಂಡದ್ದಕ್ಕೆ ಸಾಕ್ಷಿ ನಡೆಯುತ್ತೆ,” ಎಂದರು, 'ನಡೆಯಲಿ ದೇವರೇ' ಎನ್ನುವ ದನಿಯಲ್ಲಿ.

ಅಪ್ಪನ ಪುಸ್ತಕದ ಕೊನೆಯ ಹಾಳೆಯಲ್ಲಿ, ಮೂವತ್ತು ಸೊನ್ನೆಗಳ ಕೆಳಗೆ, ಪೆನ್ಸಿಲಿನ ಸಾಲು ಬಿಟ್ಟು, ನಾನು ‘ಒಂದು’ ಎಂದು ಬರೆದೆ. ನನ್ನ ಜೀವನದಲ್ಲಿ ಗೊತ್ತಿದ್ದೂ ನಾನು ಬರೆದ ಮೊದಲ ತಪ್ಪು ಅಂಕಿ. ಒಂದು ಜಾಸ್ತಿ. ಅಕ್ಷರ ಅಪ್ಪನದರ ಹಾಗೇ ಗುಂಡಗೆ ಬಂತು.

ದಿಮ್ಮಿಗಳನ್ನು ಯಾರೋ ಬೆಂಚಿನ ಪಕ್ಕಕ್ಕೆ ಉರುಳಿಸಿ ಅವುಗಳ ಮೇಲೂ ಕೂತರು. ಉಗ್ರಪ್ಪ ಜೋಡಿಸಿಟ್ಟ ಲೋಟಗಳಲ್ಲಿ ಒಂದನ್ನು ಎಳೆದು, ಎಲ್ಲರಿಗೂ ಕಾಣುವಂತೆ ಎರಡು ಸಲ ತೊಳೆದ. ಒರೆಸಲು ಪಂಚೆಗೆ ಕೈ ಹಾಕಿದವನು ತಡೆದು, ನೀರನ್ನು ಹಾಗೇ ಜಾಡಿಸಿದ. ಟೀ ತುಂಬಿಸಿ ಹಿಡಿದುಕೊಂಡು ನಿಂತ. ತಂದುಕೊಡುವುದೋ ಕರೆಯುವುದೋ ಅವನಿಗೆ ತಿಳಿಯಲಿಲ್ಲ. ಹೊಂಬಾಳಮ್ಮ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ಬೀದಿ ದಾಟಿ ಬಂದರು. ಹದಿನೆಂಟು ವರ್ಷ ನೋಡಿದ ಅಂಗಡಿಯ ಒಳಗೆ ಕಾಲಿಟ್ಟರು. ಬೆಂಚಿನವರೆಲ್ಲ ಎದ್ದು ಜಾಗ ಕೊಟ್ಟರೂ ಕೂರಲಿಲ್ಲ. ನಿಂತುಕೊಂಡೇ ಊದಿ, ಒಂದು ಗುಟುಕು ಕುಡಿದು, ಬಾಯೊಳಗೇ ಇಟ್ಟುಕೊಂಡು ಯೋಚಿಸಿದರು.

“ಸಕ್ಕರೆ ಕಮ್ಮಿ,” ಎಂದರು.

ಉಗ್ರಪ್ಪ ಸಕ್ಕರೆ ಡಬ್ಬಕ್ಕೆ ಕೈ ಹಾಕಿದ. ಎದುರಿಗೆ ಅವರ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹತ್ತಿರದ ಮಣೆಯ ಮೇಲೆ ಯಾರೂ ಇರಲಿಲ್ಲ. ಆದರೂ ಮನೆ ಅಂಗಡಿಯನ್ನೇ ನೋಡುತ್ತಿತ್ತು.